ಓದುಗರ ಪ್ರಶ್ನೆ, ನಮ್ಮ ಉತ್ತರ: ಮೇಜಿನ ಮೇಲೊಂದು ಯುದ್ಧಕಾಲದ ವಿಮಾನನೆಲೆ

ಡಯೋರಾಮಾ ಎಂದರೆ ಒಂದು ಮಾದರಿಯನ್ನು ಒಂಟಿಯಾಗಿ ಕಪಾಟಿನಲ್ಲಿ ನಿಲ್ಲಿಸದೆ, ಅದರ ನೆಲ, ಗಿಡಮರ, ವಾಹನ, ಮನುಷ್ಯರ ಸಮೇತ ಇಡೀ ದೃಶ್ಯವನ್ನೇ ಅಳತೆಗೆ ಇಳಿಸಿ ಕಟ್ಟುವ ಕೆಲಸ. ಎರಡನೆಯ ಮಹಾಯುದ್ಧದ ವಿಮಾನನೆಲೆಯೊಂದನ್ನು ಹೀಗೆ ಕಟ್ಟುವುದು ಹೇಗೆಂದು ಮೈಸೂರಿನ ಓದುಗರೊಬ್ಬರು ಕೇಳಿದ್ದ ಪ್ರಶ್ನೆಯನ್ನು ಹಿಂದಿನ ಸಂಚಿಕೆಯಲ್ಲಿ ಪ್ರಕಟಿಸಿ, ಇದೇ ಕೆಲಸಕ್ಕೆ ಕೈಹಾಕಿದ ಬೇರೆಯವರೂ ಬರೆಯಬಹುದೆಂದು ಕೋರಿದ್ದೆವು. ಬಂದ ಪತ್ರಗಳಲ್ಲಿ ಆಯ್ದವುಗಳಿಗೆ ನಮ್ಮ ಅಂಕಣಕಾರರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಬ್ರಿಟನ್ನಿನ ವಾಯುಪಡೆಯಲ್ಲಿ ‘ಮೈಸೂರು’ ಹೆಸರಿನ ಸ್ಕ್ವಾಡ್ರನ್ (ವಿಮಾನದಳ) ಒಂದಿತ್ತು ಎಂದು ಕೇಳಿದ್ದೇನೆ. ಅದು ನಿಜವೇ? ನಿಜವಾದರೆ ಅದರ ವಿಮಾನನೆಲೆಯನ್ನೇ ಕಟ್ಟಬೇಕೆಂಬ ಆಸೆ. ನಿವೃತ್ತನಾಗಿದ್ದೇನೆ, ಸಮಯವಿದೆ. ಎಲ್ಲಿಂದ ಆರಂಭಿಸಲಿ? (ಓದುಗರೊಬ್ಬರು, ಮೈಸೂರು)

ನಿಜ. ಅದರ ಪೂರ್ಣ ಹೆಸರು 129ನೇ (ಮೈಸೂರು) ಸ್ಕ್ವಾಡ್ರನ್. ಮೈಸೂರು ಸಂಸ್ಥಾನದಿಂದ ಸಂದ ದೇಣಿಗೆಯ ನೆನಪಿಗಾಗಿ ಆ ಹೆಸರು ಬಂತು. 1941ರ ಜೂನ್‌ನಲ್ಲಿ ಯಾರ್ಕ್‌ಷೈರಿನ ಲೆಕನ್‌ಫೀಲ್ಡ್ ಎಂಬಲ್ಲಿ ಸ್ಪಿಟ್‌ಫೈರ್ ವಿಮಾನಗಳೊಡನೆ ಅದು ಹೊಸದಾಗಿ ರೂಪುಗೊಂಡಿತು. ಅದರ ಅಧಿಕೃತ ಲಾಂಛನದಲ್ಲಿರುವುದು ನಮ್ಮ ಗಂಡಭೇರುಂಡವೇ. ಲಂಡನ್ನಿನ ದಕ್ಷಿಣದ ಹುಲ್ಲುಗಾವಲುಗಳಿಂದ ಹಾರುತ್ತಿದ್ದ ಹುಡುಗರ ಪಾಲಿಗೆ ಎರಡು ತಲೆಯ ಆ ಹಕ್ಕಿ ಏನೆಂದು ತೋರುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು.

ಆ ಸ್ಕ್ವಾಡ್ರನ್ ಹಲವು ನೆಲೆಗಳಿಂದ ಹಾರಿತು. ಅವುಗಳಲ್ಲಿ ನಾನು ನಿಮಗೆ ಸೂಚಿಸುವುದು ಪಶ್ಚಿಮ ಸಸೆಕ್ಸ್‌ನ ಕೂಲ್‌ಹ್ಯಾಮ್. 1944ರ ಏಪ್ರಿಲ್‌ನಲ್ಲಿ ಅಲ್ಲಿಗೆ ಬಂದ 129ನೇ ಸ್ಕ್ವಾಡ್ರನ್ ಮಸ್ಟ್ಯಾಂಗ್-3 ಎಂಬ ಯುದ್ಧವಿಮಾನಗಳನ್ನು ಹಾರಿಸಿತು. ಅದರ ಜತೆಗೆ ಪೋಲೆಂಡಿನ 306 ಮತ್ತು 315ನೇ ಸ್ಕ್ವಾಡ್ರನ್‌ಗಳೂ ಅದೇ ನೆಲೆಯಲ್ಲಿದ್ದವು. ಕೂಲ್‌ಹ್ಯಾಮ್‌ನಲ್ಲಿ ಇಟ್ಟಿಗೆಯ ಬೃಹತ್ ಹ್ಯಾಂಗರ್‌ಗಳಾಗಲಿ ಕಾಂಕ್ರೀಟಿನ ರನ್‌ವೇ ಆಗಲಿ ಇರಲಿಲ್ಲ. ರೈತರ ಹೊಲಗಳನ್ನು ತಾತ್ಕಾಲಿಕವಾಗಿ ವಶಪಡಿಸಿಕೊಂಡು, ಬೇಲಿಗಳನ್ನು ಕಿತ್ತು, ಹುಲ್ಲಿನ ಮೇಲೆ ಉಕ್ಕಿನ ಬಲೆ ಹಾಸಿ, ಸಿಬ್ಬಂದಿಯನ್ನು ಡೇರೆಗಳಲ್ಲಿ ಇರಿಸಿದ್ದ ಮುಂಚೂಣಿಯ ಇಳಿದಾಣ ಅದು. ಫ್ರಾನ್ಸಿನ ನಾರ್ಮಂಡಿ ತೀರದ ಮೇಲೆ ಸೇನೆ ಇಳಿಸುವ ಸಿದ್ಧತೆಗಾಗಿ ದಕ್ಷಿಣ ಇಂಗ್ಲೆಂಡಿನಲ್ಲಿ ಇಂಥ ಇಳಿದಾಣಗಳನ್ನು ಹಲವೆಡೆ ಮಾಡಿದ್ದರು. ಮಾದರಿ ಕಟ್ಟುವವನಿಗೆ ಇದೊಂದು ವರದಾನವೇ ಸರಿ, ಏಕೆಂದರೆ ದೊಡ್ಡ ಕಟ್ಟಡಗಳ ಗೋಜಿಲ್ಲದೆ ಹುಲ್ಲು, ಕೆಸರು, ಕ್ಯಾನ್ವಾಸ್, ಬಲೆ ಮತ್ತು ವಿಮಾನ ಇಷ್ಟರಲ್ಲೇ ದೃಶ್ಯ ಮುಗಿಯುತ್ತದೆ.

ಆರಂಭಿಸುವುದು ಎಲ್ಲಿಂದ ಎಂಬುದಕ್ಕೆ ನನ್ನ ಉತ್ತರ ತುಸು ವಿಚಿತ್ರವಾಗಿ ಕೇಳಿಸಬಹುದು: ಅಂಗಡಿಗೆ ಹೋಗಿ ಕಿಟ್ (ಮಾದರಿ ಜೋಡಿಸುವ ಬಿಡಿಭಾಗಗಳ ಪೆಟ್ಟಿಗೆ) ಕೊಳ್ಳುವ ಮುಂಚೆ ಕ್ಯಾಲೆಂಡರಿನಲ್ಲಿ ಒಂದು ದಿನವನ್ನು ಆರಿಸಿಕೊಳ್ಳಿ. ‘ಎರಡನೆಯ ಮಹಾಯುದ್ಧದ ವಿಮಾನನೆಲೆ’ ಎಂದು ಹೊರಟರೆ 1940ರ ವಿಮಾನದ ಪಕ್ಕದಲ್ಲಿ 1943ರ ಪೆಟ್ರೋಲ್ ಲಾರಿ ಬಂದು ನಿಲ್ಲುತ್ತದೆ, ವಸಂತದ ಮರದ ಕೆಳಗೆ ಚಳಿಗಾಲದ ಕೋಟು ತೊಟ್ಟ ಸೈನಿಕ ಕಾಣುತ್ತಾನೆ. ಅದರ ಬದಲು ‘ಕೂಲ್‌ಹ್ಯಾಮ್, 1944ರ ಜೂನ್ 5, ಮಧ್ಯಾಹ್ನ’ ಎಂದು ಒಂದು ಚೀಟಿಯಲ್ಲಿ ಬರೆದು ಮೇಜಿನ ಎದುರಿಗೆ ಅಂಟಿಸಿಕೊಂಡರೆ, ಹುಲ್ಲಿನ ಬಣ್ಣ, ನೆಲದ ತೇವ, ರೆಕ್ಕೆಯ ಪಟ್ಟೆ, ತೊಟ್ಟ ಬಟ್ಟೆ ಎಲ್ಲಕ್ಕೂ ಆ ಚೀಟಿಯೇ ಉತ್ತರ ಕೊಡುತ್ತದೆ. ನಾರ್ಮಂಡಿಯ ದಾಳಿ ಮೊದಲು ಜೂನ್ 5ಕ್ಕೆ ಗೊತ್ತಾಗಿ, ಕೆಟ್ಟ ಹವೆಯಿಂದಾಗಿ ಒಂದು ದಿನ ಮುಂದಕ್ಕೆ ಹೋಗಿತ್ತು. ಆದ್ದರಿಂದ ನಿಮ್ಮ ನೆಲ ಒಣಗಿರುವುದಿಲ್ಲ, ಆಕಾಶ ಮೋಡ ಕವಿದಿರುತ್ತದೆ, ಹುಡುಗರು ವಿಮಾನಗಳಿಗೆ ಗುರುತಿನ ಪಟ್ಟೆ ಬಳಿಯಲು ಬಣ್ಣದ ಡಬ್ಬಿ ಹಿಡಿದು ಅವಸರದಲ್ಲಿರುತ್ತಾರೆ.

ಇನ್ನು ನಿಮ್ಮ ಪತ್ರದ ಕೊನೆಯಲ್ಲಿ ಕೇಳಿದ ಮಾತು: ವಿಮಾನದ ಮೂತಿಯ ಮೇಲೆ ಗಂಡಭೇರುಂಡವನ್ನು ಬರೆಯಬಹುದೇ? ನೀವು ಕಟ್ಟುತ್ತಿರುವ ಅದೇ ವಿಮಾನದ ಹಳೆಯ ಛಾಯಾಚಿತ್ರದಲ್ಲಿ ಅದು ಕಂಡರೆ ಬರೆಯಿರಿ, ಕಾಣದಿದ್ದರೆ ಬೇಡ. ಲಾಂಛನಕ್ಕೆ ತಕ್ಕ ಜಾಗವೆಂದರೆ ಪೀಠದ ಮುಂಭಾಗದ ಫಲಕ. ಅಲ್ಲಿ ಅದನ್ನು ಎಷ್ಟು ಚೆನ್ನಾಗಿ ಕೊರೆಸಿದರೂ ಯಾರೂ ಆಕ್ಷೇಪಿಸಲಾರರು. ವಿಮಾನದ ಮೇಲೆ ಬೇಕೇಬೇಕಾದದ್ದು ಸ್ಕ್ವಾಡ್ರನ್ನಿನ ಗುರುತಿನ ಅಕ್ಷರಗಳಾದ ‘ಡಿ-ವಿ’. ಅವು ಸ್ಕೈ ಎಂದು ಕರೆಯುವ ತಿಳಿ ಹಸಿರು ಮಿಶ್ರಿತ ಬಣ್ಣದಲ್ಲಿರಬೇಕು.

ಪ್ರಶ್ನೆ: ನಮ್ಮ ಮನೆಯಲ್ಲಿ ಜಾಗ ಕಡಿಮೆ. ಇಡೀ ವಿಮಾನನೆಲೆಯನ್ನು ಕಟ್ಟಲು ಯಾವ ಪ್ರಮಾಣ ಸೂಕ್ತ? ಪೀಠ ಎಷ್ಟು ದೊಡ್ಡದಿರಬೇಕು? (ಓದುಗರೊಬ್ಬರು, ಧಾರವಾಡ)

ಇಡೀ ನೆಲೆಯನ್ನು ಕಟ್ಟುವ ಆಸೆಯನ್ನು ಬಿಡಿಸುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಯುದ್ಧದ ನಡುಗಾಲದಲ್ಲಿ ಬ್ರಿಟನ್ನಿನ ಬಾಂಬರ್ ನೆಲೆಗಳ ಮುಖ್ಯ ರನ್‌ವೇಯ ಗೊತ್ತಾದ ಉದ್ದ 2000 ಗಜ, ಅಂದರೆ ಸುಮಾರು 1829 ಮೀಟರ್. ಇದನ್ನು 1:72ರ ಪ್ರಮಾಣಕ್ಕೆ, ಅಂದರೆ ನಿಜದ ಅಳತೆಯ 72ರಲ್ಲಿ ಒಂದು ಪಾಲಿಗೆ, ಇಳಿಸಿದರೆ 25 ಮೀಟರ್ ದಾಟುತ್ತದೆ. ನಿಮ್ಮ ಬೀದಿಯನ್ನೇ ಬಾಡಿಗೆಗೆ ಹಿಡಿಯಬೇಕಾದೀತು. 1:144ಕ್ಕೆ ಇಳಿಸಿದರೂ 12 ಮೀಟರಿಗಿಂತ ಹೆಚ್ಚೇ ಉಳಿಯುತ್ತದೆ, ಆಗ ಮಸ್ಟ್ಯಾಂಗ್ ವಿಮಾನ ಎಂಟು ಸೆಂಟಿಮೀಟರಿಗಿಂತ ಚಿಕ್ಕದಾಗಿ, ಮನುಷ್ಯನೊಬ್ಬ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವನಾಗಿ ಕಾಣುತ್ತಾನೆ.

ಆದ್ದರಿಂದ ನೆಲೆಯ ಒಂದು ಮೂಲೆಯನ್ನು ಕಟ್ಟಿ, ಉಳಿದದ್ದು ಪೀಠದ ಅಂಚಿನಾಚೆ ಇದೆಯೆಂದು ನೋಡುವವರು ನಂಬುವಂತೆ ಮಾಡಬೇಕು. 1:72ರಲ್ಲಿ 45 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಹಲಗೆ ತೆಗೆದುಕೊಂಡರೆ ಅದು ನಿಜದಲ್ಲಿ ಸುಮಾರು 32 ಮೀಟರಿಗೆ 43 ಮೀಟರ್ ನೆಲವಾಗುತ್ತದೆ. ಮಸ್ಟ್ಯಾಂಗ್‌ನ ರೆಕ್ಕೆಯ ಹರವು 37 ಅಡಿ. ಅದು ಈ ಪ್ರಮಾಣದಲ್ಲಿ 157 ಮಿ.ಮೀ. ಆಗುವುದರಿಂದ ಎರಡು ವಿಮಾನ, ಒಂದು ಪೆಟ್ರೋಲ್ ಲಾರಿ, ಒಂದು ಡೇರೆ, ಒಂದು ಓಕ್ ಮರ ಆರಾಮಾಗಿ ಹಿಡಿಯುತ್ತವೆ. ಒಂದೇ ವಿಮಾನ ಸಾಕೆನ್ನುವವರು 1:48ಕ್ಕೆ ಹೋಗಬಹುದು. ಆಗ ವಿಮಾನ 235 ಮಿ.ಮೀ. ಆಗಿ, ಕಾಕ್‌ಪಿಟ್ಟಿನ ಒಳಗಿನ ಕೆಲಸಕ್ಕೆ ಕಣ್ಣೂ ಕೈಯೂ ಚೆನ್ನಾಗಿ ಎಟಕುತ್ತವೆ. ಅರವತ್ತು ದಾಟಿದವರಿಗೆ ನಾನು 1:48ನ್ನೇ ಹೇಳುವುದು. ಅದು ಕಲೆಯ ಮಾತಲ್ಲ, ಕನ್ನಡಕದ ಮಾತು.

ಪೀಠದ ಮೇಲೆ ವಸ್ತುಗಳನ್ನು ಹಲಗೆಯ ಅಂಚಿಗೆ ಸಮಾನಾಂತರವಾಗಿ ಇಡಬೇಡಿ. ವಿಮಾನವನ್ನು ತುಸು ಓರೆಯಾಗಿ ನಿಲ್ಲಿಸಿ, ಬಲೆಯ ಹಾಸು ಅಂಚಿನಲ್ಲಿ ಕತ್ತರಿಸಿಹೋದಂತೆ ಬಿಟ್ಟರೆ ಕಣ್ಣು ತಾನಾಗಿಯೇ ಆಚೆಗೆ ಹರಿಯುತ್ತದೆ. ಬ್ಲಿಸ್ಟರ್ ಎಂದು ಕರೆಯುವ ಕಮಾನಿನ ಆಕಾರದ ತಗಡಿನ ಹ್ಯಾಂಗರನ್ನು ಸೇರಿಸುವ ಮನಸ್ಸಿದ್ದರೆ ಎಚ್ಚರಿಕೆ ಇರಲಿ: ಅದರ ಅಗಲ 65ರಿಂದ 70 ಅಡಿ ಇರುತ್ತಿತ್ತು, ಅಂದರೆ 1:72ರಲ್ಲಿ 27ರಿಂದ 30 ಸೆಂ.ಮೀ. ಅದೊಂದೇ ಪೀಠದ ಅರ್ಧವನ್ನು ನುಂಗುತ್ತದೆ. ಅದರ ಬಾಯಿಯನ್ನಷ್ಟೇ ಹಿನ್ನೆಲೆಯಲ್ಲಿ ತೋರಿಸಿ ಕತ್ತರಿಸಿಬಿಡುವುದು ಜಾಣತನ. ತಗಡಿಗೆ ರಟ್ಟಿನ ಪೆಟ್ಟಿಗೆಯ ಒಳಗಿನ ಸುಕ್ಕುಹಾಳೆಯನ್ನು ಬಳಸುವವರಿದ್ದಾರೆ. ಅದರ ಒಂದೊಂದು ಅಲೆ ಆರೇಳು ಮಿ.ಮೀ. ಇರುವುದರಿಂದ, 1:72ಕ್ಕೆ ಹಿಗ್ಗಿಸಿದಾಗ ಅರ್ಧ ಮೀಟರಿನ ಹತ್ತಿರ ಬರುತ್ತದೆ. ಅಂಥ ತಗಡನ್ನು ಯಾವ ಕಾರ್ಖಾನೆಯೂ ಮಾಡಿರಲಿಲ್ಲ. ದಪ್ಪನೆಯ ಅಲ್ಯೂಮಿನಿಯಂ ಹಾಳೆಯನ್ನು ಹೇನುಬಾಚಣಿಗೆಯ ಹಲ್ಲುಗಳ ಮೇಲಿಟ್ಟು ಉಗುರಿನಿಂದ ಒತ್ತಿ ನೋಡಿ.

ಪ್ರಶ್ನೆ: ಕೂಲ್‌ಹ್ಯಾಮ್‌ನಂಥ ನೆಲೆಗಳಲ್ಲಿ ರಂಧ್ರಗಳಿರುವ ಉಕ್ಕಿನ ಹಲಗೆಗಳನ್ನು ಹಾಸಿದ್ದರಲ್ಲವೇ? ಅದಕ್ಕೆ ಮಾದರಿ ಹಾಳೆಗಳು ಸಿಗುತ್ತವೆ, ಆದರೆ ಬೆಲೆ ಹೆಚ್ಚು. ಮನೆಯಲ್ಲೇ ಮಾಡಿಕೊಳ್ಳುವ ದಾರಿ ಇದೆಯೇ? (ಓದುಗರೊಬ್ಬರು, ಶಿವಮೊಗ್ಗ)

ನೀವು ಹೇಳುತ್ತಿರುವುದು ಅಮೆರಿಕದವರು ಬಳಸಿದ ಪಿಎಸ್‌ಪಿ ಹಲಗೆ. ಹತ್ತು ಅಡಿ ಉದ್ದ, ಹದಿನೈದು ಅಂಗುಲ ಅಗಲದ ಆ ಹಲಗೆಗಳನ್ನು ಒಂದಕ್ಕೊಂದು ಕೊಂಡಿ ಸಿಕ್ಕಿಸಿ ಜೋಡಿಸುತ್ತಿದ್ದರು. ಪೆಸಿಫಿಕ್ ದ್ವೀಪವೊಂದನ್ನು ಕಟ್ಟುವುದಾದರೆ ಅದೇ ಸರಿ. ಕೂಲ್‌ಹ್ಯಾಮ್‌ಗೆ ಅದು ಸಲ್ಲದು. ಅಲ್ಲಿ ಹಾಸಿದ್ದು ಸೋಮರ್‌ಫೆಲ್ಡ್ ಬಲೆ. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಕುರ್ಟ್ ಸೋಮರ್‌ಫೆಲ್ಡ್ ಎಂಬ ಜರ್ಮನ್ ಮೂಲದ ಎಂಜಿನಿಯರ್‌ನ ಹೆಸರು ಅದಕ್ಕಿದೆ, 1941ರಿಂದ ಅದು ಬಳಕೆಗೆ ಬಂತು. ನಮ್ಮ ಕೋಳಿಗೂಡಿನ ಜಾಲರಿಯಂತೆ ಆರು ಮೂಲೆಯ ಕಣ್ಣುಗಳಿರುವ ತಂತಿಯ ಬಲೆ, ಅದರೊಳಗೆ ಅಡ್ಡಡ್ಡವಾಗಿ ಎಂಟೆಂಟು ಅಂಗುಲಕ್ಕೊಂದು ಉಕ್ಕಿನ ಸರಳು. ಚಾಪೆಯಂತೆ ಸುತ್ತಿ ಲಾರಿಗೆ ಹಾಕಬಹುದಾಗಿತ್ತು. ಸೈನಿಕರು ತಮಾಷೆಗೆ ಅದನ್ನು ತಗಡಿನ ಚಾಪೆ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು.

ಅಳತೆಗಳನ್ನು ಗಮನಿಸಿ, ಏಕೆಂದರೆ ಉಪಾಯ ಅವುಗಳಲ್ಲೇ ಅಡಗಿದೆ. ಒಂದು ಸುರುಳಿಯ ಅಗಲ 10 ಅಡಿ 8 ಅಂಗುಲ, ಉದ್ದ 75 ಅಡಿ 6 ಅಂಗುಲ. 1:72ರಲ್ಲಿ ಇದು 45 ಮಿ.ಮೀ. ಅಗಲ, 320 ಮಿ.ಮೀ. ಉದ್ದದ ಪಟ್ಟಿಯಾಗುತ್ತದೆ. ಬಲೆಯ ಒಂದು ಕಣ್ಣು 3 ಅಂಗುಲ, ಅಂದರೆ 1 ಮಿ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು. ಈ ಗಾತ್ರದ, ಆರು ಮೂಲೆಯ ಕಣ್ಣುಗಳ ಬಲೆಯನ್ನು ನೀವು ಈಗಾಗಲೇ ನೋಡಿದ್ದೀರಿ: ಹೆಣ್ಣುಮಕ್ಕಳ ಲಂಗ, ದುಪಟ್ಟಾಗಳಿಗೆ ಬಳಸುವ ಮೃದುವಾದ ನೆಟ್ ಬಟ್ಟೆ. ಬಟ್ಟೆ ಅಂಗಡಿಗೆ ಹೋಗುವಾಗ ಅಳತೆಪಟ್ಟಿ ಜೇಬಿನಲ್ಲಿರಲಿ. ಹತ್ತು ಕಣ್ಣುಗಳನ್ನು ಎಣಿಸಿ, ಅವು ಒಟ್ಟಿಗೆ ಸುಮಾರು 10ರಿಂದ 11 ಮಿ.ಮೀ. ಇದ್ದರೆ ಅರ್ಧ ಮೀಟರ್ ಕತ್ತರಿಸಿಕೊಳ್ಳಿ. 1:48ರಲ್ಲಿ ಕಟ್ಟುವವರಿಗೆ ಕಣ್ಣು 1.6 ಮಿ.ಮೀ. ಬೇಕಾಗುವುದರಿಂದ ಹಳೆಯ ಕಾಲದ ದುಂಡು ಸೊಳ್ಳೆಪರದೆಯ ಬಟ್ಟೆಯನ್ನು ಒಮ್ಮೆ ಅಳೆದು ನೋಡಬಹುದು. ಚೌಕದ ಕಣ್ಣಿನ ಹೊಸ ನೈಲಾನ್ ಪರದೆ ಬೇಡ. ಆಕಾರ ತಪ್ಪಿದರೆ ಇಷ್ಟು ಕಷ್ಟಪಟ್ಟದ್ದು ದಂಡ.

ಬಲೆಯನ್ನು ಮೊದಲು ಒಂದು ಚೌಕಟ್ಟಿಗೆ ಬಿಗಿದು, ಕಂದು ಬೂದು ಬಣ್ಣವನ್ನು ತೆಳುವಾಗಿ ಸಿಂಪಡಿಸಿ ಒಣಗಿಸಿ. ಅಂಟಿಸಿದ ಮೇಲೆ ಬಣ್ಣ ಹಚ್ಚಿದರೆ ಕತ್ತರಿಸಿದ ಅಂಚಿನಲ್ಲಿ ಬಿಳಿ ನೂಲಿನ ತುದಿಗಳು ಇಣುಕುತ್ತವೆ. ಅಡ್ಡ ಸರಳುಗಳಿಗೆ ಹಳೆಯ ವಿದ್ಯುತ್ ವೈರಿನ ಪ್ಲಾಸ್ಟಿಕ್ ಸುಲಿದರೆ ಸಿಗುವ ತಾಮ್ರದ ಎಳೆಗಳು ಒಳ್ಳೆಯವು. 1:72ರಲ್ಲಿ ಅವು ಸ್ವಲ್ಪ ದಪ್ಪವೆನಿಸಿದರೂ ಕಣ್ಣಿಗೆ ಹೊಡೆಯುವುದಿಲ್ಲ. ಎಂಟು ಅಂಗುಲಕ್ಕೊಂದರಂತೆ ಎಂದರೆ 2.8 ಮಿ.ಮೀ.ಗೊಂದು, ಅಂದರೆ ಒಂದೇ ಸುರುಳಿಗೆ ನೂರಕ್ಕೂ ಹೆಚ್ಚು ಸರಳುಗಳು. ಈ ವಾಕ್ಯ ಓದಿ ನಿಮ್ಮ ಕೈ ನಡುಗಿದ್ದರೆ ಸಮಾಧಾನಪಡಿ, ಎಲ್ಲವನ್ನೂ ಹಾಕಬೇಕಿಲ್ಲ. ಎರಡು ತಿಂಗಳು ವಿಮಾನ ಉರುಳಿದ ಹೊಲದಲ್ಲಿ ಹುಲ್ಲು ಬಲೆಯ ಕಣ್ಣುಗಳಿಂದ ಮೇಲೆದ್ದು, ತಗ್ಗಿನಲ್ಲಿ ಕೆಸರು ತುಂಬಿ, ಬಲೆ ಅಲ್ಲಲ್ಲಿ ಮಾತ್ರ ಮೈ ತೋರಿಸುತ್ತದೆ. ಚಕ್ರದ ಜಾಡಿನಲ್ಲಿ, ಪೀಠದ ಮುಂಭಾಗದಲ್ಲಿ, ಎರಡು ಸುರುಳಿಗಳು ಸೇರುವ ಅಂಚಿನಲ್ಲಿ ಸರಳುಗಳನ್ನು ಎಣಿಸಿ ಹಾಕಿದರೆ ಉಳಿದಲ್ಲಿ ಹುಲ್ಲು ಮುಚ್ಚಿಕೊಳ್ಳುತ್ತದೆ.

ಅಂಟಿಸುವಾಗ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಮೊದಲ ಸಲ ಫೆವಿಕಾಲನ್ನು ನೀರು ಬೆರೆಸದೆ ಬಲೆಯ ಮೇಲಿನಿಂದಲೇ ಬಳಿದೆ. ರಾತ್ರಿ ನೋಡಿದಾಗ ಅದ್ಭುತವಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಪ್ರತಿ ಕಣ್ಣಿನಲ್ಲೂ ಅಂಟು ಪೊರೆಕಟ್ಟಿ, ಇಡೀ ರನ್‌ವೇ ಮಿಠಾಯಿ ಸುತ್ತುವ ಗಾಜಿನ ಕಾಗದದಂತೆ ಹೊಳೆಯುತ್ತಿತ್ತು. ಒಂದು ವಾರದ ಕೆಲಸವನ್ನು ಕೆರೆದು ತೆಗೆಯಬೇಕಾಯಿತು. ಈಗ ಮಾಡುವುದು ಹೀಗೆ: ಅಂಟಿಗೆ ಅಷ್ಟೇ ನೀರು, ಜತೆಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿ ನೆಲಕ್ಕೆ ಮಾತ್ರ ಹಚ್ಚುತ್ತೇನೆ. ಬೆರಳಿಗೆ ಜಿಗುಟಾಗುವವರೆಗೆ ಕಾದು ಬಲೆಯನ್ನು ಹಾಸಿ ಒತ್ತುತ್ತೇನೆ, ಮೇಲೆ ಉಕ್ಕಿದ ಅಂಟನ್ನು ಒದ್ದೆಯಾದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕುಟ್ಟಿ ಕುಟ್ಟಿ ಎತ್ತುತ್ತೇನೆ. ಅದು ಒಣಗಿದ ಮೇಲೆ ಜರಡಿ ಹಿಡಿದ ಮಣ್ಣನ್ನು ಉದುರಿಸಿ ಬ್ರಷ್‌ನಿಂದ ಕಣ್ಣುಗಳೊಳಕ್ಕೆ ಗುಡಿಸಿದರೆ ಬಲೆ ನೆಲದಲ್ಲಿ ಹುದುಗಿದಂತೆಯೇ ಕೂರುತ್ತದೆ.

ಪ್ರಶ್ನೆ: ನಮ್ಮ ಹಿತ್ತಲಿನ ಮಣ್ಣನ್ನೇ ಜರಡಿ ಹಿಡಿದು ನೆಲ ಮಾಡಿದೆ. ಚೆನ್ನಾಗಿ ಬಂದಿದೆ, ಆದರೂ ಏಕೋ ಇಂಗ್ಲೆಂಡ್ ಎನಿಸುವುದಿಲ್ಲ. (ಓದುಗರೊಬ್ಬರು, ಬೆಳಗಾವಿ)

ಬೆಳಗಾವಿಯ ಕೆಂಪು ಮಣ್ಣು ಇಂಗ್ಲೆಂಡ್ ಎನಿಸುವುದಾದರೂ ಹೇಗೆ? ನೀವು ಕಳುಹಿಸಿದ ಚಿತ್ರದಲ್ಲಿ ಮಸ್ಟ್ಯಾಂಗ್ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬಂದಿಳಿದಂತೆ ಕಾಣುತ್ತದೆ.

ಕೂಲ್‌ಹ್ಯಾಮ್ ಇರುವ ಸಸೆಕ್ಸ್‌ನ ಒಳನಾಡನ್ನು ವೀಲ್ಡ್ ಎಂದು ಕರೆಯುತ್ತಾರೆ. ಅಲ್ಲಿನದು ಜೇಡಿಮಣ್ಣು. ಒದ್ದೆಯಾದಾಗ ಹಳದಿ ಕಂದು, ಒಣಗಿದಾಗ ಬೂದು ಬೆರೆತ ತಿಳಿ ಕಂದು, ಬೂಟಿಗೆ ಮೆತ್ತಿದರೆ ಬಿಡದ ಜಾತಿ. ಹಿತ್ತಲಿನ ಮಣ್ಣನ್ನು ಎಸೆಯಬೇಡಿ. ಅದರ ಕಣಗಳ ಗಾತ್ರ ಚೆನ್ನಾಗಿದ್ದರೆ ಅಂಟಿಸಿದ ಮೇಲೆ ಅಕ್ರಿಲಿಕ್ ಬಣ್ಣದಿಂದ ಬಣ್ಣ ತಿದ್ದಿಕೊಳ್ಳಬಹುದು. ಕಂದು, ಹಳದಿ ಜೇಡಿ, ತುಸು ಬೂದು ಈ ಮೂರನ್ನು ನೀರಾಗಿ ಬೆರೆಸಿ ಎರಡು ಮೂರು ಸಲ ಹಚ್ಚಿ. ಮಳೆಯ ನಂತರದ ನೆಲವಾದ್ದರಿಂದ ಚಕ್ರದ ಜಾಡುಗಳಲ್ಲಿ ಬಣ್ಣ ಇನ್ನಷ್ಟು ಗಾಢವಾಗಿರಲಿ, ಅಲ್ಲಿ ಮಾತ್ರ ಒಂದು ಹನಿ ಹೊಳಪಿನ ವಾರ್ನಿಷ್ ಹಾಕಿದರೆ ನೀರು ನಿಂತಂತೆ ಕಾಣುತ್ತದೆ. ಒಂದು ಹನಿ ಎಂದರೆ ಒಂದೇ ಹನಿ. ನೆಲವೆಲ್ಲಾ ಹೊಳೆದರೆ ಗದ್ದೆಯಾಗುತ್ತದೆ.

ಹುಲ್ಲಿನಲ್ಲೂ ನಮ್ಮ ಕಣ್ಣು ಮೋಸ ಮಾಡುತ್ತದೆ. ನಾವು ಕಾಣುವ ಬೇಸಗೆಯ ಹುಲ್ಲು ಒಣಹಳದಿ, ಅಲ್ಲಿನ ಜೂನ್ ತಿಂಗಳ ಹುಲ್ಲು ದಟ್ಟ ಹಸಿರು. ಹಾಗೆಂದು ಅಂಗಡಿಯ ಗಿಳಿಹಸಿರಿನ ಪುಡಿಯನ್ನು ಹಾಗೆಯೇ ಉದುರಿಸಬೇಡಿ, ಎರಡು ಮೂರು ಛಾಯೆಗಳನ್ನು ಬೆರೆಸಿ. ವಿಮಾನಗಳು ಓಡಾಡುವಲ್ಲಿ ಹುಲ್ಲು ಗಿಡ್ಡ, ಬೇಲಿಯ ಬುಡದಲ್ಲಿ ಮೊಣಕಾಲಿನೆತ್ತರ. ಆ ಎತ್ತರದ ಹುಲ್ಲಿಗೆ ಗೋಣಿಚೀಲದ ಸೆಣಬಿನ ಎಳೆಯನ್ನು ಹಸಿರು ಬಣ್ಣದಲ್ಲಿ ಅದ್ದಿ, ಒಣಗಿಸಿ, ಗುಚ್ಛಗುಚ್ಛವಾಗಿ ನೆಟ್ಟರೆ ಬೆಲೆಬಾಳುವ ಸಾಮಾನನ್ನು ತರಿಸಬೇಕಾಗಿಲ್ಲ. ಮರವೊಂದನ್ನು ಇಡುವುದಾದರೆ ಅದು ಓಕ್ ಆಗಿರಲಿ: ಗಿಡ್ಡ ದಪ್ಪ ಕಾಂಡ, ಅಗಲವಾಗಿ ಹರಡಿದ ಕೊಂಬೆ, 1:72ರಲ್ಲಿ ಸುಮಾರು 20 ಸೆಂ.ಮೀ. ಎತ್ತರ.

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಥರ್ಮಾಕೋಲಿನ ಮೇಲೆ ಸ್ಪ್ರೇ ಬಣ್ಣ ಹೊಡೆದ. ಅದು ಕರಗಿ ಹಳ್ಳಗಳಾದವು. ಅವನು ಅದನ್ನು ಬಾಂಬು ಬಿದ್ದ ಗುಂಡಿ ಎನ್ನುತ್ತಿದ್ದಾನೆ. ಏನು ಮಾಡುವುದು? (ಓದುಗಿಯೊಬ್ಬರು, ಹಾಸನ)

ಮಗನ ಸಮಯಸ್ಫೂರ್ತಿಗೆ ನನ್ನ ಮೆಚ್ಚುಗೆ ತಿಳಿಸಿ. ಡಬ್ಬಿಯ ಸ್ಪ್ರೇ ಬಣ್ಣದಲ್ಲಿರುವ ದ್ರಾವಕ ಥರ್ಮಾಕೋಲನ್ನು ಕರಗಿಸುತ್ತದೆ, ಪ್ಲಾಸ್ಟಿಕ್ ಕಿಟ್ ಅಂಟಿಸುವ ಸಿಮೆಂಟೂ ಹಾಗೆಯೇ. ಥರ್ಮಾಕೋಲಿಗೆ ಮೊದಲು ಫೆವಿಕಾಲ್ ಮತ್ತು ಟಿಶ್ಯೂ ಕಾಗದದ ಎರಡು ಪದರ ಹೊದಿಸಿ, ಮೇಲೆ ನೀರಿನಲ್ಲಿ ಕರಗುವ ಬಣ್ಣವನ್ನೇ ಬಳಸಲಿ. ಸ್ಪ್ರೇ ಹೊಡೆಯುವುದಾದರೆ ಬಯಲಿನಲ್ಲಿ, ಮೂಗಿಗೆ ಮಾಸ್ಕ್ ಹಾಕಿ, ಪಕ್ಕದಲ್ಲಿ ದೊಡ್ಡವರಿದ್ದು ಹೊಡೆಯಲಿ. ಬ್ಲೇಡಿನ ಕೆಲಸ ಸದ್ಯ ನಿಮ್ಮ ಕೈಯಲ್ಲೇ ಇರಲಿ.

ಪ್ರಶ್ನೆ: ಅಮೆರಿಕದ ಪಿ-51ಬಿ ಕಿಟ್ಟನ್ನು ಕೊಂಡಿದ್ದೇನೆ. ಅದನ್ನು 129ನೇ ಸ್ಕ್ವಾಡ್ರನ್ನಿನ ಮಸ್ಟ್ಯಾಂಗ್-3 ಮಾಡಬಹುದೇ? ಕಪ್ಪು ಬಿಳಿ ಪಟ್ಟೆಗಳಿಗೆ ಕಿಟ್ಟಿನ ಡೆಕಲ್‌ಗಳನ್ನೇ (ಮೈಗೆ ಅಂಟಿಸುವ ಅಚ್ಚಿನ ಚಿತ್ರಗಳನ್ನೇ) ಹಚ್ಚಿದೆ, ಏಕೋ ಆಟಿಕೆಯಂತೆ ಕಾಣುತ್ತಿದೆ. (ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು)

ಖಂಡಿತ ಮಾಡಬಹುದು. ಮಸ್ಟ್ಯಾಂಗ್-3 ಎಂಬುದು ಪಿ-51ಬಿ ಮತ್ತು ಸಿ ಮಾದರಿಗಳಿಗೆ ಬ್ರಿಟನ್ನಿನವರು ಇಟ್ಟ ಹೆಸರು. ಮುಖ್ಯ ಬದಲಾವಣೆ ಕಾಕ್‌ಪಿಟ್ಟಿನ ಮುಚ್ಚಳದಲ್ಲಿ. ಬಗ್ಗಿ ನೋಡಲು ಅನುಕೂಲವಾಗುವಂತೆ ಹೊರಕ್ಕೆ ಉಬ್ಬಿದ, ಹಿಂದಕ್ಕೆ ಜಾರುವ ಮಾಲ್ಕಮ್ ಹುಡ್ ಅನ್ನು ಬ್ರಿಟಿಷ್ ಮಸ್ಟ್ಯಾಂಗ್‌ಗಳಿಗೆ ಅಳವಡಿಸುತ್ತಿದ್ದರು. ಕೆಲವು ಕಿಟ್‌ಗಳಲ್ಲಿ ಅದು ಹೆಚ್ಚುವರಿ ಭಾಗವಾಗಿ ಇರುತ್ತದೆ, ಪೆಟ್ಟಿಗೆಯನ್ನು ಮತ್ತೊಮ್ಮೆ ತಡಕಿ ನೋಡಿ. ಮೇಲ್ಮೈಗೆ ಡಾರ್ಕ್ ಗ್ರೀನ್ ಮತ್ತು ಓಷನ್ ಗ್ರೇ, ಕೆಳಮೈಗೆ ಮೀಡಿಯಂ ಸೀ ಗ್ರೇ, ಬಾಲದ ಮುಂದಿನ ಪಟ್ಟಿ ಸ್ಕೈ ಬಣ್ಣದ್ದು. ರೆಕ್ಕೆಯ ಮೇಲ್ಭಾಗದ ವೃತ್ತಚಿಹ್ನೆಯಲ್ಲಿ ನೀಲಿ ಕೆಂಪು ಎರಡೇ ಬಣ್ಣ. ಬಿಳಿಯೂ ಹಳದಿಯೂ ಸೇರಿದ ಚಿಹ್ನೆ ಬರುವುದು ಒಡಲಿನ ಪಕ್ಕಗಳಲ್ಲಿ.

ಈಗ ಪಟ್ಟೆಗಳ ಮಾತು. ನಾರ್ಮಂಡಿಯ ಆಕಾಶದಲ್ಲಿ ತಮ್ಮವರನ್ನೇ ತಮ್ಮವರು ಹೊಡೆದುರುಳಿಸಬಾರದೆಂದು ಮಿತ್ರಪಕ್ಷಗಳ ವಿಮಾನಗಳಿಗೆ ಮೂರು ಬಿಳಿ, ಎರಡು ಕಪ್ಪು ಪಟ್ಟೆಗಳನ್ನು ಬಳಿಯಲು ಆದೇಶ ಬಂದದ್ದು ದಾಳಿಗೆ ಮುಂಚಿನ ಕೆಲವೇ ದಿನಗಳಲ್ಲಿ. ಮುಂಚೆಯೇ ಹೇಳಿದ್ದರೆ ಶತ್ರುವಿಗೆ ಸುಳಿವು ಸಿಗುತ್ತಿತ್ತು. ಒಂಟಿ ಎಂಜಿನ್ನಿನ ವಿಮಾನಗಳಿಗೆ ಪ್ರತಿ ಪಟ್ಟೆಯ ಅಗಲ 18 ಅಂಗುಲ. ಸ್ಕ್ವಾಡ್ರನ್‌ಗಳ ನೆಲದ ಸಿಬ್ಬಂದಿ ರಾತ್ರಿ ಹಗಲೆನ್ನದೆ ಗೋಡೆಗೆ ಸುಣ್ಣ ಬಳಿಯುವ ಬ್ರಷ್, ಕಸಬರಿಗೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಬಳಿದರು. ಅಂಥ ಪಟ್ಟೆಯ ಅಂಚು ಕತ್ತರಿ ಹಿಡಿದಂತೆ ನೇರವಾಗಿರಲು ಸಾಧ್ಯವೇ? ನಿಮ್ಮ ಡೆಕಲ್ ಆಟಿಕೆಯಂತೆ ಕಾಣುವುದಕ್ಕೆ ಕಾರಣ ಅದರ ಅಚ್ಚುಕಟ್ಟುತನವೇ.

ಡೆಕಲ್‌ಗಳನ್ನು ತೆಗೆದುಬಿಡಿ. ಪೆನ್ಸಿಲಿನಿಂದ 6.3 ಮಿ.ಮೀ. ಅಂತರದ ಗೆರೆಗಳನ್ನು ತೆಳುವಾಗಿ ಎಳೆದುಕೊಂಡು (ಇದು 1:72ರ ಲೆಕ್ಕ, 1:48ಕ್ಕೆ 9.5 ಮಿ.ಮೀ.) ಮಾಸ್ಕಿಂಗ್ ಟೇಪಿನ ಹಂಗಿಲ್ಲದೆ ಚಪ್ಪಟೆ ಬ್ರಷ್‌ನಿಂದ ಬಳಿಯಿರಿ. ಬಿಳಿಯನ್ನು ಮೊದಲು, ಅದೂ ಅಪ್ಪಟ ಬಿಳಿಯಲ್ಲ, ಚಿಟಿಕೆ ಬೂದು ಬೆರೆಸಿದ್ದು. ಕಪ್ಪಿಗೂ ಸ್ವಲ್ಪ ಬೂದು ಬೆರೆಸಿ. ಬ್ರಷ್ ಎಳೆದ ಗೆರೆಗಳು ಕಾಣಲಿ, ಕೆಳಗಿನ ಹಸಿರು ಒಂದೆರಡು ಕಡೆ ಇಣುಕಲಿ. ಆದರೆ ಪಟ್ಟೆ ಹೊಸದು ಎಂಬುದನ್ನು ಮರೆಯಬೇಡಿ: ವಿಮಾನದ ಉಳಿದ ಮೈ ಎಷ್ಟೇ ಸವೆದಿರಲಿ, ಜೂನ್ 5ರಂದು ಪಟ್ಟೆಗಳ ಮೇಲೆ ಎಣ್ಣೆಯ ಕಲೆಯಾಗಲಿ ಹೊಗೆಯ ಮಸಿಯಾಗಲಿ ಇರಕೂಡದು. ಸ್ಪರ್ಧೆಗಳಲ್ಲಿ ನಾನು ಹೆಚ್ಚು ಕಂಡ ತಪ್ಪು ಇದೇ.

ಇನ್ನೊಂದು ಸೂಕ್ಷ್ಮ. ಮಸ್ಟ್ಯಾಂಗ್ ನಿಂತ ಮೇಲೆ ಹೈಡ್ರಾಲಿಕ್ ಒತ್ತಡ ಇಳಿದಂತೆ ಹೊಟ್ಟೆಯಡಿಯ ಒಳಗಿನ ಚಕ್ರದ ಬಾಗಿಲುಗಳು ಜೋತುಬೀಳುತ್ತವೆ, ರೆಕ್ಕೆಯ ಹಿಂದಿನ ಫ್ಲ್ಯಾಪ್‌ಗಳೂ ಕೆಳಗಿಳಿಯುತ್ತವೆ. ಎಂಜಿನ್ ಓಡುತ್ತಿರುವ ವಿಮಾನವಾದರೆ ಆ ಬಾಗಿಲುಗಳು ಮುಚ್ಚಿರಬೇಕು, ಗಂಟೆಗಟ್ಟಲೆ ನಿಂತದ್ದಾದರೆ ತೆರೆದಿರಬೇಕು. ಅಂಟು ಹಚ್ಚುವ ಮೊದಲು ನಿಮ್ಮ ವಿಮಾನ ಯಾವ ಸ್ಥಿತಿಯಲ್ಲಿದೆಯೆಂದು ನಿರ್ಧರಿಸಿ.

ಪ್ರಶ್ನೆ: ಎರಡು ವಿಮಾನ, ಏಳು ಜನ, ಒಂದು ಜೀಪು ಇಟ್ಟಿದ್ದೇನೆ. ಎಲ್ಲವೂ ಅಳತೆಗೆ ಸರಿಯಾಗಿವೆ. ಆದರೂ ದೃಶ್ಯಕ್ಕೆ ಜೀವವಿಲ್ಲ. (ಓದುಗರೊಬ್ಬರು, ಕಲಬುರಗಿ)

ಚಿತ್ರ ನೋಡಿದೆ. ಏಳೂ ಜನ ಫೋಟೊಗೆ ನಿಂತ ಹಾಗೆ ನೋಡುಗರ ಕಡೆಗೇ ಮುಖ ಮಾಡಿದ್ದಾರೆ, ಒಬ್ಬನ ಕೈಗೂ ಕೆಲಸವಿಲ್ಲ. ನಾಲ್ವರನ್ನು ತೆಗೆದುಬಿಡಿ. ಉಳಿದ ಮೂವರಿಗೆ ಒಂದೇ ಕೆಲಸ ಹಚ್ಚಿ: ಒಬ್ಬ ರೆಕ್ಕೆಯ ಮೇಲೆ ಮೊಣಕಾಲೂರಿ ಕಪ್ಪು ಪಟ್ಟೆ ಬಳಿಯುತ್ತಿರಲಿ, ಇನ್ನೊಬ್ಬ ಕೆಳಗಿನಿಂದ ಡಬ್ಬಿ ಎತ್ತಿ ಕೊಡುತ್ತಿರಲಿ, ಮೂರನೆಯವನು ಸ್ವಲ್ಪ ದೂರದಲ್ಲಿ ಪೆಟ್ಟಿಗೆಯ ಮೇಲೆ ಕೂತು ಬೂಟಿನ ಕೆಸರು ಕೆರೆಯುತ್ತಿರಲಿ. ಒಂದು ವಿಮಾನದ ಪಟ್ಟೆ ಮುಗಿದಿದೆ, ಎರಡನೆಯದಕ್ಕೆ ಬಿಳಿ ಮಾತ್ರ ಬಿದ್ದಿದೆ. ಇಷ್ಟರಿಂದಲೇ ನೋಡುವವನಿಗೆ ಹಿಂದಿನ ಒಂದು ಗಂಟೆಯೂ ಮುಂದಿನ ಒಂದು ಗಂಟೆಯೂ ಕಾಣುತ್ತವೆ. ಹುಲ್ಲಿನ ಮೇಲೆ ಬಿಳಿ ಬಣ್ಣದ ನಾಲ್ಕು ಹನಿ ಬೀಳಿಸುವುದನ್ನು ಮರೆಯಬೇಡಿ. ಡೇರೆಗೆ ಒರಗಿಸಿದ ಒಂದು ಸೈಕಲ್ಲನ್ನೂ ಇಡಿ. ವಿಶಾಲವಾದ ನೆಲೆಗಳಲ್ಲಿ ಓಡಾಟಕ್ಕೆ ಸೈಕಲ್ಲೇ ಗತಿಯಾಗಿತ್ತು.

ಎರಡನೆಯ ವಿಮಾನವನ್ನು ಪೋಲೆಂಡಿನವರದಾಗಿ ಮಾಡುವ ಅವಕಾಶವೂ ನಿಮಗಿದೆ. 315ನೇ ಸ್ಕ್ವಾಡ್ರನ್ನಿನ ಅಕ್ಷರಗಳು ‘ಪಿ-ಕೆ’, ಮೂತಿಯ ಬಳಿ ಕೆಂಪು ಬಿಳಿ ಚೌಕಗಳ ಪುಟ್ಟ ಗುರುತು. ಆ ಸ್ಕ್ವಾಡ್ರನ್ನಿನ ನಾಯಕ ಎವುಗೆನಿಯುಷ್ ಹೊರ್ಬಾಚೆವ್‌ಸ್ಕಿ 1944ರ ಜೂನ್ 12ರಂದು ನಾರ್ಮಂಡಿಯಲ್ಲಿ ಉರುಳಿಬಿದ್ದ ತನ್ನ ಜತೆಗಾರನನ್ನು ಹುಡುಕಲು ಅಲ್ಲಿ ಇನ್ನೂ ಕಟ್ಟುತ್ತಿದ್ದ ಪಟ್ಟಿಯೊಂದರ ಮೇಲೆ ಇಳಿದು, ಅವನನ್ನು ಕರೆತಂದ. ಮಸ್ಟ್ಯಾಂಗ್‌ನಲ್ಲಿರುವುದು ಒಂದೇ ಆಸನ. ಇಬ್ಬರೂ ಅದರಲ್ಲೇ ಮುದುರಿ ಕುಳಿತು ಕಡಲು ದಾಟಿದರು. ಹಿಂದಿರುಗಿ ಬಂದ ಆ ವಿಮಾನದಿಂದ ಒಬ್ಬನ ಬದಲು ಇಬ್ಬರು ಇಳಿಯುವ ದೃಶ್ಯವನ್ನು ಯಾರಾದರೂ ಕಟ್ಟಿದರೆ ನೋಡಲು ನಾನೇ ಬರುತ್ತೇನೆ. ಆದರೆ ಅದು ಬೇರೆ ದಿನ, ಬೇರೆ ಪೀಠ. ಜೂನ್ 5ರ ಹಲಗೆಯ ಮೇಲೆ ಅದನ್ನು ತುರುಕಬೇಡಿ.

ಪ್ರಶ್ನೆ: ಕೊನೆಯ ಹಂತದಲ್ಲಿ ಮ್ಯಾಟ್ ವಾರ್ನಿಷ್ ಹೊಡೆದೆ. ಇಡೀ ವಿಮಾನದ ಮೇಲೆ ಬಿಳಿ ಮಂಜು ಕವಿದಂತಾಯಿತು. ಆರು ತಿಂಗಳ ಕೆಲಸ ಹಾಳಾಯಿತೇ? (ಓದುಗರೊಬ್ಬರು, ಉಡುಪಿ)

ಹಾಳಾಗಿಲ್ಲ. ನಿಮ್ಮ ಪತ್ರದ ತಾರೀಕು ಜುಲೈ ತಿಂಗಳದ್ದು. ಕರಾವಳಿಯ ಮಳೆಗಾಲದ ಹವೆಯಲ್ಲಿ ಸ್ಪ್ರೇ ವಾರ್ನಿಷ್ ಒಣಗುವ ಮೊದಲೇ ಗಾಳಿಯ ತೇವ ಅದರಲ್ಲಿ ಸಿಕ್ಕಿಕೊಂಡು ಬಿಳಿಚುವುದು ಸಾಮಾನ್ಯ. ಒಣ ಹವೆಯ ದಿನಕ್ಕಾಗಿ ಕಾದು, ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿ, ಮೊದಲು ಹೊಳಪಿನ ವಾರ್ನಿಷ್‌ನ ತೆಳುವಾದ ಒಂದು ಪದರ ಹೊಡೆದರೆ ಹಲವು ಸಲ ಆ ಮಂಜು ಕರಗುತ್ತದೆ. ಅದು ಪೂರ್ತಿ ಒಣಗಿದ ಮೇಲೆ ಮತ್ತೆ ಮ್ಯಾಟ್ ಹೊಡೆಯಿರಿ. ಮೊದಲು ರೆಕ್ಕೆಯಡಿಯ ಮೂಲೆಯೊಂದರಲ್ಲಿ ಪರೀಕ್ಷಿಸಿ ನೋಡಿ. ಮಳೆಗಾಲದಲ್ಲೇ ಮಾಡಲೇಬೇಕಾದರೆ ಸ್ಪ್ರೇ ಡಬ್ಬಿಯನ್ನು ಬಿಟ್ಟು ನೀರಿನಲ್ಲಿ ಕರಗುವ ಮ್ಯಾಟ್ ವಾರ್ನಿಷನ್ನು ಬ್ರಷ್‌ನಿಂದ ಹಚ್ಚುವುದು ವಾಸಿ.

ನಿಮ್ಮ ಊರಿನ ಹವೆಗೆ ಇನ್ನೆರಡು ಮಾತು ಸೇರಿಸುತ್ತೇನೆ. ಪೀಠದ ಪ್ಲೈವುಡ್ಡಿಗೆ ಮೇಲ್ಭಾಗಕ್ಕೆ ಮಾತ್ರ ಅಂಟು ಬಣ್ಣ ಹಚ್ಚಿದರೆ ಅದು ದೋಣಿಯಂತೆ ಬಾಗುತ್ತದೆ, ಆದ್ದರಿಂದ ಕೆಲಸ ಆರಂಭಿಸುವ ಮುನ್ನವೇ ಎರಡೂ ಬದಿಗೆ, ಅಂಚುಗಳಿಗೆ ವಾರ್ನಿಷ್ ಹೊಡೆಯಿರಿ. ತೆಂಗಿನ ನಾರಿನ ಪುಡಿ, ಸೆಣಬು, ಮರದ ಹೊಟ್ಟು ಇವನ್ನೆಲ್ಲ ಬಳಸುವ ಮೊದಲು ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ಇಲ್ಲವಾದರೆ ಆಗಸ್ಟ್ ಹೊತ್ತಿಗೆ ಕೂಲ್‌ಹ್ಯಾಮ್‌ನ ಹುಲ್ಲಿನ ಮೇಲೆ ಬೂಸ್ಟು ಬರುತ್ತದೆ. ಮೇಲೊಂದು ಗಾಜಿನ ಅಥವಾ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿ, ಅದರ ಮೂಲೆಯಲ್ಲಿ ಡೇರೆಯ ಹಿಂದೆ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಅಡಗಿಸಿಡಿ.